ಪ್ರಾಥಮಿಕ ಶಾಲೆಯ ಮಕ್ಕಳಿಗೆ ಲ್ಯಾಪ್‌ಟಾಪ್: ಹದ ನೋಡಿ ಬಿತ್ತೋಣ



ಕೃಷಿ ಪುಟದಲ್ಲಿ ಶಾಲೆಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣ ಹೇಳುತ್ತೇನೆ.

ಕಳೆದ ಮುಂಗಾರಿನಲ್ಲಿ ಯಲಹಂಕದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿನ ರೈತರೊಬ್ಬರ ಟೊಮೇಟೊ ತಾಕಿನಲ್ಲಿ ಕಾಯಿಕೊರಕದ ಹಾವಳಿ ಕಾಣಿಸಿಕೊಂಡಿತ್ತು. ಅವರು ಅಂಗಡಿಯಿಂದ ಔಷಧಿ ತಂದು, ಕ್ಯಾನಿಗೆ ನೀರು ತುಂಬಿ, ಹೊಡೆಯಲು ಸಿದ್ಧವಾಗಿ ನಿಂತಿದ್ದರು. ಎಷ್ಟು ಹಾಕುತ್ತೀರಿ ಎಂದು ಕೇಳಿದೆ. "ಕ್ಯಾನಿಗೆ ಎರಡು ಮುಚ್ಚಳ ಅಂದಿದ್ದಾರೆ ಸಾರ್" ಎಂದರು. ಔಷಧಿಯ ಜೊತೆ ಬಂದಿದ್ದ ಚೀಟಿಯಲ್ಲಿ ಕನ್ನಡದಲ್ಲಿಯೂ ಪ್ರಮಾಣ ಬರೆದಿತ್ತು. ಪಕ್ಕದಲ್ಲಿದ್ದ ಅವರ ಮಗ ಐದನೆಯ ತರಗತಿ. ಓದಪ್ಪಾ ಎಂದು ಚೀಟಿಯನ್ನು ಅವನ ಕೈಗೆ ಕೊಟ್ಟೆ. ಹುಡುಗ ಒಂದೊಂದೇ ಅಕ್ಷರ ಕೂಡಿಸುತ್ತ ಹೋಗಿ, ಒತ್ತಕ್ಷರ ಬಂದಲ್ಲಿ ನಿಂತುಬಿಟ್ಟ. ನಾನೇ ಓದಿ ಹೇಳಿ, ಲೀಟರಿಗೆ ಎರಡು ಮಿ.ಲೀ. ಆದರೆ ಹದಿನಾರು ಲೀಟರಿನ ಕ್ಯಾನಿಗೆ ಎಷ್ಟಾಯಿತು ಎಂದು ಕೇಳಿದೆ. ಹುಡುಗ ಅಪ್ಪನ ಮೊಬೈಲನ್ನು ತೆಗೆದುಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕದ ಪುಟ ತೆರೆದ. ಆದರೆ ಕೂಡಬೇಕೋ, ಗುಣಿಸಬೇಕೋ, ಭಾಗಿಸಬೇಕೋ ಅವನಿಗೆ ತಿಳಿಯಲಿಲ್ಲ.

ಹುಡುಗ ದಡ್ಡನಲ್ಲ. ಮನೆಯ ಹಸುಗಳ ಹಾಲಿನ ಲೆಕ್ಕ ಬಾಯಲ್ಲೇ ಹೇಳಬಲ್ಲ. ಅವನ ಕೈಯಲ್ಲಿ ಯಂತ್ರವೂ ಇತ್ತು. ಇಲ್ಲದೇ ಇದ್ದದ್ದು ಓದು ಮತ್ತು ಲೆಕ್ಕದ ತಳಪಾಯ. ಕೆಂಪು ತ್ರಿಕೋನದ ಡಬ್ಬಕ್ಕೂ ಹಸಿರು ತ್ರಿಕೋನದ ಡಬ್ಬಕ್ಕೂ ವ್ಯತ್ಯಾಸ ತಿಳಿಯದ ಮನೆಯಲ್ಲಿ ಈ ಕೊರತೆ ಜೀವಕ್ಕೇ ಎರವಾದೀತು.

ಕೆಲಸ ಮುಗಿದ ಮೇಲೆ ಅರಳಿಕಟ್ಟೆಯ ಬಳಿ ಮಾತು ಬೆಳೆಯಿತು. ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಸರಕಾರವೇ ಲ್ಯಾಪ್‌ಟಾಪ್ ಕೊಡಬೇಕು, ಆಗ ನಮ್ಮ ಮಕ್ಕಳೂ ಪೇಟೆಯ ಮಕ್ಕಳ ಸಮಕ್ಕೆ ಬರುತ್ತಾರೆ ಎಂದು ಒಬ್ಬರು ಹೇಳಿದರು. ಪ್ರಾಥಮಿಕ ಶಾಲೆಗೆ ಅದು ಬೇಡ ಎಂದೆ. ಆಗ ಹುಡುಗನ ತಂದೆ ಕೇಳಿದರು: "ಸಾರ್, ನಿಮ್ಮನೇಲಿ ಮಕ್ಕಳಿಗೆ ಅದು ಇದೆ ತಾನೆ? ನಮ್ಮ ಹುಡುಗರಿಗೆ ಕೊಡ್ಲಿ ಅಂದ್ರೆ ನೀವು ಬೇಡ ಅಂತೀರಲ್ಲ?"

ಆ ದಿನ ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ.

ಬೇಡಿಕೆಯಲ್ಲಿ ನ್ಯಾಯವಿದೆ

ಲ್ಯಾಪ್‌ಟಾಪ್ ಕೇಳುವವರನ್ನು ಆಸೆಬುರುಕರೆಂದು ಜರೆಯುವುದು ತಪ್ಪು. ಕಂಪ್ಯೂಟರಿನಿಂದ ಏನಾಗುತ್ತದೆ ಎಂಬುದನ್ನು ರೈತರು ಕಣ್ಣಾರೆ ಕಂಡಿದ್ದಾರೆ. 'ಭೂಮಿ' ಯೋಜನೆ ಬರುವ ಮೊದಲು ಒಂದು ಪಹಣಿಗಾಗಿ ಎಷ್ಟು ಅಲೆದಾಟವಿತ್ತೆಂದು ಹಿರಿಯರನ್ನು ಕೇಳಿ. 2002ರ ಹೊತ್ತಿಗೆ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗುವಂತಾಯಿತು. ಈಗ ಸಹಾಯಧನ ಬೇಕಾದರೂ, ಬೆಳೆ ಸಮೀಕ್ಷೆಗಾದರೂ ಯಂತ್ರದ ಮುಂದೆ ನಿಲ್ಲಲೇಬೇಕು.

ಕೋವಿಡ್ ಕಾಲದ ನೆನಪೂ ಹಸಿಯಾಗಿದೆ. 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟು ಕಾಲವೂ ಪೇಟೆಯ ಮಕ್ಕಳು ಮನೆಯಲ್ಲಿ ಕೂತು ಪಾಠ ಕೇಳಿದರು. ಹಳ್ಳಿಯಲ್ಲಿ ಇದ್ದ ಒಂದು ಮೊಬೈಲು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. 2020ರ ಆಗಸ್ಟಿನಿಂದ 'ವಿದ್ಯಾಗಮ' ಎಂಬ ಏರ್ಪಾಡಿನಲ್ಲಿ ಶಿಕ್ಷಕರು ಊರಿನ ಜಗಲಿಗೆ, ಮರದ ನೆರಳಿಗೆ ಬಂದು ಪಾಠ ಹೇಳಿದರು. ಸೋಂಕಿನ ಭಯದಿಂದ ಅದೂ ನಡುವೆ ನಿಂತಿತು. ನಮ್ಮ ಮಕ್ಕಳು ಹಿಂದುಳಿದರೆಂಬ ನೋವು ಸುಳ್ಳಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಸರಕಾರ ಹಣ ಕೊಡಬೇಕೋ ಬೇಡವೋ ಎಂಬುದಲ್ಲ. ಕೊಡಲೇಬೇಕು. ಆ ಹಣದಿಂದ ಮೊದಲು ಏನನ್ನು ಕೊಳ್ಳಬೇಕು ಎಂಬುದೇ ಪ್ರಶ್ನೆ.

ಮಾಡಿ ನೋಡಿದವರ ಅನುಭವ

ಹೊಸ ತಳಿಯನ್ನು ಇಡೀ ಹೊಲಕ್ಕೆ ಬಿತ್ತುವ ಮೊದಲು ಅಕ್ಕಪಕ್ಕದವರು ಬೆಳೆದದ್ದನ್ನು ಹೋಗಿ ನೋಡುತ್ತೀರಿ. ಈ ವಿಷಯದಲ್ಲಿಯೂ ಹಾಗೆಯೇ ಮಾಡೋಣ.

ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ ಎಂಬವರು 2005ರಲ್ಲಿ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯನ್ನು ಪ್ರಕಟಿಸಿದರು. ಬಡ ದೇಶಗಳ ಪ್ರತಿ ಮಗುವಿಗೂ ನೂರು ಡಾಲರಿಗೆ ಒಂದು ಯಂತ್ರ ಎಂಬುದು ಅವರ ಮಾತು. ತಯಾರಾಗಿ ಬಂದಾಗ ಬೆಲೆ ಇಮ್ಮಡಿಯ ಹತ್ತಿರಕ್ಕೆ ಹೋಯಿತು. ನಮ್ಮ ಕೇಂದ್ರದ ಶಿಕ್ಷಣ ಇಲಾಖೆ 2006ರಲ್ಲಿಯೇ ಅದನ್ನು ಒಲ್ಲೆನೆಂದಿತು. ಇಂಥ ಯಂತ್ರಕ್ಕಿಂತ ತರಗತಿ ಕೋಣೆಯೂ ಶಿಕ್ಷಕರೂ ತುರ್ತಾಗಿ ಬೇಕು ಎಂಬುದು ಆಗ ಕೊಟ್ಟ ಕಾರಣ.

ದಕ್ಷಿಣ ಅಮೆರಿಕದ ಪೆರು ದೇಶ ಮಾತ್ರ ಎಲ್ಲರಿಗಿಂತ ದೊಡ್ಡದಾಗಿ ಕೈಹಾಕಿತು. ಎಂಟು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹಂಚಿತು. 319 ಹಳ್ಳಿಶಾಲೆಗಳಲ್ಲಿ ನಡೆದ ಪರೀಕ್ಷೆಯ ವರದಿ 2012ರಲ್ಲಿ ಹೊರಬಂತು. ಮಕ್ಕಳು ಯಂತ್ರ ಬಳಸುವುದು ಹೆಚ್ಚಿತ್ತು, ಬುದ್ಧಿ ಓಡಿಸುವ ಕೆಲವು ಪರೀಕ್ಷೆಗಳಲ್ಲಿ ತುಸು ಮುಂದಿದ್ದರು. ಆದರೆ ಭಾಷೆಯಲ್ಲಿ, ಲೆಕ್ಕದಲ್ಲಿ ಏನೂ ಏರಿಕೆ ಕಾಣಲಿಲ್ಲ. ಸುಮಾರು ಹತ್ತು ವರ್ಷ ಕಳೆದ ಮೇಲೆ ಅಲ್ಲಿನ ಮಕ್ಕಳ ಮುಂದಿನ ಓದನ್ನು ನೋಡಿದಾಗಲೂ ಯಂತ್ರ ಪಡೆದ ಶಾಲೆಗಳಿಗೂ ಪಡೆಯದ ಶಾಲೆಗಳಿಗೂ ಅಂತರ ಸಿಗಲಿಲ್ಲ. ಗೊಬ್ಬರ ಹಾಕಿದ್ದಾಯಿತು, ಇಳುವರಿ ಏರಲಿಲ್ಲ ಎಂದ ಹಾಗಾಯಿತು.

ಪೆರು ದೂರದ ದೇಶ, ಅಲ್ಲಿನ ಮಾತು ನಮಗೇಕೆ ಎನ್ನುವವರು ಗುಜರಾತಿನ ವಡೋದರವನ್ನು ನೋಡಬಹುದು. 2000ರಲ್ಲಿ ಆ ನಗರದ ನೂರು ಪುರಸಭಾ ಪ್ರಾಥಮಿಕ ಶಾಲೆಗಳಿಗೆ ಸರಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತು. ಎರಡು ವರ್ಷ ಬಿಟ್ಟು ನೋಡಿದರೆ ಮಕ್ಕಳ ಕೈಗೆ ಬಂದಿದ್ದವು ತೀರ ಕೆಲವೇ. ಆಮೇಲೆ 'ಪ್ರಥಮ್' ಸಂಸ್ಥೆಯವರು ನಾಲ್ಕನೆಯ ತರಗತಿಯ ಮಕ್ಕಳಿಗೆ ಅದರಲ್ಲಿ ಲೆಕ್ಕದ ಆಟಗಳನ್ನು ಅಳವಡಿಸಿದರು. ಒಂದು ಯಂತ್ರಕ್ಕೆ ಇಬ್ಬರು ಮಕ್ಕಳು, ವಾರಕ್ಕೆ ಎರಡು ಗಂಟೆ, ಜೊತೆಗೆ ತರಬೇತಾದ ಒಬ್ಬರು. ಅದೇ ಯಂತ್ರದಿಂದ ಈಗ ಲೆಕ್ಕದಲ್ಲಿ ಒಳ್ಳೆಯ ಏರಿಕೆ ಕಂಡಿತು. ಕಾರ್ಯಕ್ರಮ ನಿಂತ ವರ್ಷದೊಳಗೆ ಆ ಏರಿಕೆಯ ಬಹುಪಾಲು ಕರಗಿತೆಂಬುದನ್ನೂ ಹೇಳಬೇಕು. ನೀರು ನಿಲ್ಲಿಸಿದರೆ ತೋಟ ಬಾಡುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಅದೇ ವಡೋದರದಲ್ಲಿ ಮತ್ತು ಮುಂಬಯಿಯಲ್ಲಿ 'ಬಾಲಸಖಿ' ಎಂಬ ಏರ್ಪಾಡನ್ನೂ ನಡೆಸಿದರು. ಅಲ್ಲಿಯದೇ ಆದ, ಪ್ರೌಢಶಾಲೆಯವರೆಗೆ ಓದಿದ ಯುವತಿಯೊಬ್ಬಳು ದಿನಕ್ಕೆ ಎರಡು ಗಂಟೆ ಹಿಂದುಳಿದ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದು, ಲೆಕ್ಕ ಹೇಳಿಕೊಡುವುದು. ಅಷ್ಟೇ. ಹಾಗೆ ಮಕ್ಕಳು ಮುಂದೆ ಬಂದರು. ಮಗುವೊಂದಕ್ಕೆ ತಗಲಿದ ಖರ್ಚು ಕಂಪ್ಯೂಟರ್ ಪಾಠದ ಖರ್ಚಿನ ಆರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇದನ್ನು ಅಳೆದು ನೋಡಿ 2007ರಲ್ಲಿ ಪ್ರಕಟಿಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಇಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ಸೀಮೆಯ ಯಂತ್ರಗಳು

ಯಂತ್ರ ಮಾಡುವುದರಲ್ಲಿ ನಮ್ಮ ಬೆಂಗಳೂರು ಉತ್ತರದ ಸೀಮೆ ಯಾರಿಗೂ ಹಿಂದೆ ಬಿದ್ದಿಲ್ಲ. ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎಂಕೋರ್ ಕಂಪನಿಯ ಜೊತೆಗೂಡಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈ ಗಾತ್ರದ ಕಂಪ್ಯೂಟರನ್ನು ಜನರ ಮುಂದಿಟ್ಟರು. ಓದಲು ಬಾರದ ಹಳ್ಳಿಗರೂ ಬಳಸುವಂತಿರಬೇಕು, ದೇಶಭಾಷೆಯಲ್ಲಿ ಓದಿ ಹೇಳಬೇಕು ಎಂಬುದು ಅವರ ಆಶಯ. 2004ರಲ್ಲಿ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ 'ಅಮಿಡಾ' ಎಂಬ ಹೆಸರಿನ ಸಿಂಪ್ಯೂಟರನ್ನು ತಯಾರಿಸಿತು. ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಆ ಯಂತ್ರ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲು ಬಂದು ಅದರ ಜಾಗವನ್ನು ಹಿಡಿಯಿತು. ಮಾಡಿದವರ ಬುದ್ಧಿಯಲ್ಲಿ ಕೊರತೆ ಇರಲಿಲ್ಲ, ಮನಸ್ಸಿನಲ್ಲಿಯೂ ಇರಲಿಲ್ಲ. ಯಂತ್ರ ಎಂಬುದು ಬೇಗ ಹಳೆಯದಾಗುವ ವಸ್ತು ಎಂಬುದನ್ನು ಮಾತ್ರ ಅದು ತೋರಿಸಿಕೊಟ್ಟಿತು.

ಇದೇ ಮಾತಿಗೆ ರಾಜ್ಯದೊಳಗಿನ ಎರಡು ಉದಾಹರಣೆ ಹೇಳುತ್ತೇನೆ. 2004ರಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದರ ಮೂಲಕ ಚಾಮರಾಜನಗರ ಜಿಲ್ಲೆಯ ಎಂಟು ನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಪಾಠ ಬಿತ್ತರಿಸುವ ಏರ್ಪಾಡಾಯಿತು. 2010ರಲ್ಲಿ ಆ ಉಪಗ್ರಹದ ಆಯುಸ್ಸೇ ಮುಗಿಯಿತು. ಇನ್ನೊಂದು, ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ 'ನಲಿ-ಕಲಿ'. ಹಳ್ಳಿಶಾಲೆಯ ಶಿಕ್ಷಕರು ಕೂತು ಕಾರ್ಡು, ಚಿತ್ರ, ಹಾಡು, ಆಟಗಳಿಂದ ಕಟ್ಟಿದ ಪದ್ಧತಿ ಅದು. ಅದರಲ್ಲಿಯೂ ಕುಂದುಕೊರತೆ ಇಲ್ಲದಿಲ್ಲ. ಆದರೂ ಒಂದು ತಾಲ್ಲೂಕಿನಲ್ಲಿ ಹುಟ್ಟಿದ್ದು 2009ರ ಹೊತ್ತಿಗೆ ರಾಜ್ಯದ ಕನ್ನಡ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದನ್ನು ಹೊತ್ತು ನಡೆದವರು ಶಿಕ್ಷಕರು.

ನಮ್ಮ ಕಸುಬಿನಲ್ಲಿಯೂ ನಡೆದದ್ದು ಹೀಗೆಯೇ. ಇಂಡಾಫ್ ರಾಗಿ ತಳಿಗಳಾಗಲಿ, 1996ರಲ್ಲಿ ನಮ್ಮ ಜಿ.ಕೆ.ವಿ.ಕೆ.ಯಿಂದ ಬಂದ ಬೆಂಕಿ ರೋಗ ತಡೆಯುವ ಜಿ.ಪಿ.ಯು.-28 ಆಗಲಿ, ಬೀಜದ ಚೀಲ ಹಂಚಿದ ಮಾತ್ರಕ್ಕೆ ಹಬ್ಬಲಿಲ್ಲ. ಊರೂರಲ್ಲಿ ಪ್ರಾತ್ಯಕ್ಷಿಕೆಯ ತಾಕು ಹಾಕಿ, ನಾಟಿಯಿಂದ ಕುಯ್ಲಿನವರೆಗೆ ಜೊತೆಗಿದ್ದು ತೋರಿಸಿದವರಿಂದ ಹಬ್ಬಿದವು. ಸಹಾಯಧನದಲ್ಲಿ ಬಂದ ಹನಿ ನೀರಾವರಿಯ ಪೈಪು ಹೇಳಿಕೊಡುವವರಿಲ್ಲದೆ ಹಟ್ಟಿಯ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುವುದನ್ನು ನಾನು ಕಂಡಿದ್ದೇನೆ, ನೀವೂ ಕಂಡಿದ್ದೀರಿ. ಮಕ್ಕಳಿಗೆ ಮಣ್ಣು ಪರೀಕ್ಷೆ ತೋರಿಸಲೆಂದು ಹೋದ ಒಂದು ಶಾಲೆಯಲ್ಲಿ ಐದು ಕಂಪ್ಯೂಟರುಗಳು ಬಟ್ಟೆ ಹೊದ್ದು ಬೀಗದೊಳಗೆ ಕುಳಿತಿದ್ದವು. ಕೆಟ್ಟರೆ ರಿಪೇರಿಗೆ ಹಣವಿಲ್ಲ, ಕಳವಾದರೆ ಜವಾಬ್ದಾರಿ ಯಾರದು ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಅವರನ್ನು ದೂರುವುದು ಹೇಗೆ?

ಒಂದು ಶಾಲೆಯ ಲೆಕ್ಕ

ಬಾಯಿಮಾತು ಸಾಕು, ಲೆಕ್ಕ ಹಾಕೋಣ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿರುವ ಒಂದು ಶಾಲೆ ಎಂದುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಅಷ್ಟು ಮಕ್ಕಳಿಗೆ ಇಬ್ಬರು ಶಿಕ್ಷಕರು. ಅಂದರೆ ಐದು ತರಗತಿಗೆ ಇಬ್ಬರು. ಒಬ್ಬರು ಸಭೆಗೋ, ಸಮೀಕ್ಷೆಗೋ, ಚುನಾವಣೆ ಕೆಲಸಕ್ಕೋ ಹೋದರೆ ಐದೂ ತರಗತಿಗೆ ಒಬ್ಬರೇ.

ಲ್ಯಾಪ್‌ಟಾಪ್ ಒಂದಕ್ಕೆ 25,000 ರೂಪಾಯಿ ಎಂದು ಹಿಡಿಯಿರಿ. ಮಗುವಿಗೊಂದರಂತೆ 60ಕ್ಕೆ 15 ಲಕ್ಷ. ಯಂತ್ರದ ಬಾಳಿಕೆ ಐದು ವರ್ಷ ಎಂದರೂ ಹತ್ತು ವರ್ಷಕ್ಕೆ 30 ಲಕ್ಷ. ರಿಪೇರಿ, ವಿದ್ಯುತ್ತು ಬೇರೆ.

ಅದರ ಬದಲು ಶಾಲೆಯಲ್ಲಿಯೇ ಇರುವಂತೆ ಹತ್ತು ಯಂತ್ರ ಕೊಡಿ. ಹತ್ತು ವರ್ಷದಲ್ಲಿ ಎರಡು ಸಲ ಕೊಂಡರೂ 5 ಲಕ್ಷ. ಒಂದಕ್ಕೆ ಇಬ್ಬರಂತೆ ಒಮ್ಮೆಗೆ 20 ಮಕ್ಕಳು ಕೂರುತ್ತಾರೆ. ಶಾಲೆಯ ಎಲ್ಲ ಮಕ್ಕಳಿಗೂ ಪಾಳಿ ಹಚ್ಚಿದರೂ ವಾರಕ್ಕೆ ಆರು ಗಂಟೆಯಲ್ಲಿ ತಲಾ ಎರಡು ಗಂಟೆ ಸಿಗುತ್ತದೆ. ಇದರ ಜೊತೆಗೆ ಇನ್ನೊಬ್ಬ ಅತಿಥಿ ಶಿಕ್ಷಕಿಯನ್ನು ತಿಂಗಳಿಗೆ 12,000 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಇಟ್ಟುಕೊಂಡರೆ ಹತ್ತು ವರ್ಷಕ್ಕೆ 12 ಲಕ್ಷ. ಎರಡೂ ಸೇರಿ 17 ಲಕ್ಷ. ಮೊದಲಿನ ಲೆಕ್ಕಕ್ಕಿಂತ 13 ಲಕ್ಷ ಉಳಿತಾಯ. ಆ ಸಂಬಳ ಕಡಿಮೆಯಾಯಿತೆಂದು ನಿಮಗೆ ಅನ್ನಿಸಿದರೆ ನನಗೂ ಹಾಗೆಯೇ ಅನ್ನಿಸುತ್ತದೆ. ಇಮ್ಮಡಿ ಕೊಟ್ಟರೂ ಒಟ್ಟು 29 ಲಕ್ಷ, 30ರ ಒಳಗೇ ನಿಲ್ಲುತ್ತದೆ.

ಇದು ನಿಮಗೆ ಹೊಸ ವಿಚಾರವೇನಲ್ಲ. ಪ್ರತಿ ರೈತನಿಗೂ ಒಂದೊಂದು ಟ್ರ್ಯಾಕ್ಟರ್ ಕೊಡಲಾಗದೆಂದೇ 2014ರಿಂದ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಬಂದವು. ಯಂತ್ರ ಒಂದು ಕಡೆ ಇರುತ್ತದೆ, ನೋಡಿಕೊಳ್ಳುವವರು ಇರುತ್ತಾರೆ, ಬೇಕಾದಾಗ ಬಾಡಿಗೆಗೆ ತರುತ್ತೀರಿ. ಶಾಲೆಗೂ ಅದೇ ಕ್ರಮ ಹೊಂದುತ್ತದೆ.

ಏನನ್ನು ಕೇಳಬೇಕು

ನನ್ನ ಅಭಿಪ್ರಾಯವನ್ನು ಸಾಲಾಗಿ ಹೇಳುತ್ತೇನೆ.

ಒಂದು: ಒಂದರಿಂದ ಮೂರನೆಯ ತರಗತಿಯ ಮಗುವಿಗೆ ಲ್ಯಾಪ್‌ಟಾಪ್ ಬೇಡವೇ ಬೇಡ. ಅದಕ್ಕೆ ಬೇಕಾದದ್ದು ಶಿಕ್ಷಕಿ, ಕಥೆ ಪುಸ್ತಕ, ಸ್ಲೇಟು, ಹೊಟ್ಟೆ ತುಂಬ ಊಟ. ಊಟದ ವಿಷಯದಲ್ಲಿ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯ, ಆಮೇಲೆ ಬಂದ ಮೊಟ್ಟೆ, ಇವೆಲ್ಲ ಸರಕಾರದ ಹಣ ಸರಿಯಾದ ಬುಡಕ್ಕೆ ಬಿದ್ದ ಉದಾಹರಣೆಗಳು.

ಎರಡು: ನಾಲ್ಕನೆಯ ತರಗತಿಯಿಂದ ಮೇಲಕ್ಕೆ ಶಾಲೆಗೆ ಯಂತ್ರ ಬರಲಿ. ಅದು ಶಾಲೆಯ ಆಸ್ತಿಯಾಗಿರಲಿ, ವೇಳಾಪಟ್ಟಿಯಲ್ಲಿ ಅದಕ್ಕೆ ಗಂಟೆ ಗೊತ್ತಾಗಿರಲಿ. ಅದರೊಳಗಿನ ಪಾಠ ಕನ್ನಡದಲ್ಲಿರಲಿ.

ಮೂರು: ಯಂತ್ರಕ್ಕೆ ಮೊದಲು ಕಬ್ಬಿಣದ ಕಂಬಿಯ ಕೋಣೆ, ವಿದ್ಯುತ್ ಸಂಪರ್ಕ ಮತ್ತು ಅದರ ಬಿಲ್ಲಿಗೆ ಹಣ, ವರ್ಷಾವರ್ಷ ರಿಪೇರಿಗೆ ಹಣ, ಶಿಕ್ಷಕರಿಗೆ ತರಬೇತಿ. ಈ ನಾಲ್ಕೂ ಇಲ್ಲದೆ ಖರೀದಿಗೆ ಹೊರಡುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ.

ನಾಲ್ಕು: ನೀವು ಕುಳಿತು ಈ ಪುಟ ಓದುತ್ತಿರುವ ವಾಚನಾಲಯವನ್ನು ಮರೆಯಬೇಡಿ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಿಂದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಅನೇಕ ಕಡೆ 'ಅರಿವು ಕೇಂದ್ರ' ಎಂಬ ಹೆಸರಿನಲ್ಲಿ ಕಂಪ್ಯೂಟರುಗಳೂ ಬಂದಿವೆ. ಸಂಜೆ ಎರಡು ಗಂಟೆ ಅದನ್ನು ತೆರೆದಿಟ್ಟು ಮಕ್ಕಳನ್ನು ಬಿಡುವ ಏರ್ಪಾಡು ನಿಮ್ಮ ಪಂಚಾಯಿತಿಯ ಕೈಯಲ್ಲೇ ಇದೆ.

ಐದು: ಮಗುವಿನ ಸ್ವಂತಕ್ಕೆ ಲ್ಯಾಪ್‌ಟಾಪ್ ಕೊಡುವ ಮಾತು ಕಾಲೇಜಿಗೆ ಹೊಂದುತ್ತದೆ. ತಾನೇ ಹುಡುಕಿ ಓದುವ, ಬರೆಯುವ ವಯಸ್ಸು ಅದು. ತಮಿಳುನಾಡು 2011ರಲ್ಲಿ ಲ್ಯಾಪ್‌ಟಾಪ್ ಹಂಚಲು ಹೊರಟದ್ದು ಪಿ.ಯು. ಮಟ್ಟದ ಮತ್ತು ಕಾಲೇಜಿನ ಮಕ್ಕಳಿಗೆ. ನಮ್ಮ ರಾಜ್ಯ 2021ರಲ್ಲಿ ಟ್ಯಾಬ್ ಕೊಟ್ಟದ್ದೂ ಸರಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ. ಆ ಸಾಲು ಸರಿಯಾಗಿದೆ.

ಕೇಳಬೇಕಾದವರು ನೀವು

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ 2001ರಿಂದ ನಮ್ಮ ಊರುಗಳಲ್ಲಿದೆ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಸಭೆಗೆ ಹೋಗಿ. ಉಪಾಧ್ಯಾಯರು ಎಷ್ಟು ಜನ ಇದ್ದಾರೆ, ಎಷ್ಟು ಹುದ್ದೆ ಖಾಲಿ ಇದೆ, ಬೀಗದೊಳಗಿರುವ ಕಂಪ್ಯೂಟರು ಎಷ್ಟು ಎಂದು ಕೇಳಿ. ಉತ್ತರವನ್ನು ಬರೆಸಿ. ಚುನಾವಣೆ ಬಂದಾಗ ಲ್ಯಾಪ್‌ಟಾಪ್ ಕೊಡುತ್ತೇವೆ ಎನ್ನುವವರನ್ನು, ಖಾಲಿ ಹುದ್ದೆ ಎಂದು ತುಂಬುತ್ತೀರಿ ಎಂದು ಕೇಳಿ. ಉಚಿತವಾಗಿ ಕೈಗೆ ಬರುವ ವಸ್ತು ಎಲ್ಲರಿಗೂ ಕಾಣುತ್ತದೆ, ಭಾವಚಿತ್ರ ಅಂಟಿಸಲು ಜಾಗವೂ ಇರುತ್ತದೆ. ಪಾಠ ಹೇಳುವ ಶಿಕ್ಷಕಿಯ ಕೆಲಸ ಕಾಣಲು ಐದು ವರ್ಷ ಬೇಕು.

ಇಂದು ರಾತ್ರಿ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಗೊಬ್ಬರದ ಚೀಲದ ಮೇಲಿನದೋ, ಔಷಧಿಯ ಚೀಟಿಯದೋ, ಈ ಪುಟದ್ದೋ ಐದು ಸಾಲನ್ನು ಮಗುವಿಂದ ಓದಿಸಿ. ತಡವರಿಸಿದರೆ ಬಯ್ಯಬೇಡಿ, ಹೊಡೆಯಬೇಡಿ. ಮಾರನೆಯ ದಿನ ಶಾಲೆಗೆ ಹೋಗಿ ಹೇಳಿ. ನಿಮಗೆ ಓದು ಬಾರದಿದ್ದರೂ ಪಕ್ಕದಲ್ಲಿ ಕುಳಿತು ಕೇಳಿ. ಕೇಳುವವರು ಇದ್ದಾರೆಂದರೆ ಮಗು ಓದುತ್ತದೆ.

ಇನ್ನು ಆ ತಂದೆಯ ಪ್ರಶ್ನೆ. ಹೌದು, ನನ್ನ ಮಗಳ ಬಳಿ ಲ್ಯಾಪ್‌ಟಾಪ್ ಇದೆ. ಅದು ಬಂದದ್ದು ಹತ್ತನೆಯ ತರಗತಿ ಮುಗಿದ ಮೇಲೆ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಅವಳಿಗಿದ್ದದ್ದು ದಿನಾ ಸಂಜೆ ಒಂದು ಗಂಟೆ ಪಕ್ಕದಲ್ಲಿ ಕೂರುತ್ತಿದ್ದ, ಓದಿದ ತಾಯಿ. ಪೇಟೆಯ ಮಗುವಿಗೂ ನಿಮ್ಮ ಮಗುವಿಗೂ ಇರುವ ನಿಜವಾದ ಅಂತರ ಅದು, ಯಂತ್ರದ್ದಲ್ಲ. ಬೆಳಿಗ್ಗೆಯಿಂದ ಹೊಲದಲ್ಲಿ ದುಡಿದು ಬಂದ ತಾಯಿಗೆ ಆ ಒಂದು ಗಂಟೆ ಇಲ್ಲ. ಇದ್ದರೂ ಎಷ್ಟೋ ಮನೆಗಳಲ್ಲಿ ಆಕೆಗೆ ಓದಿಸಿದವರಿಲ್ಲ. ಆ ಗಂಟೆಯನ್ನು ತುಂಬಿಕೊಡಬೇಕಾದ್ದು ಸರಕಾರದ ಕರ್ತವ್ಯ. ಅದನ್ನು ಮೊದಲು ಕೇಳಿ ಪಡೆಯಿರಿ. ಯಂತ್ರವನ್ನು ಆಮೇಲೆ ಕೇಳೋಣ. ಆಗ ನಾನೂ ನಿಮ್ಮ ಜೊತೆ ಬರುತ್ತೇನೆ.